ಎಂಬತ್ತೊಂಬತ್ತರ ಮೊಳೆ

ನಮ್ಮ ಕಟ್ಟಡದ ಕೆಳಗೆ ನಿಲ್ಲುವ ಹದಿನೇಳು ಕಾರುಗಳಲ್ಲಿ ಮೂರು ಒಡೆಯುವುದಿಲ್ಲ. ಉಳಿದ ಹದಿನಾಲ್ಕೂ ಒಡೆಯುತ್ತವೆ. ಕಾರು ಎಂದರೆ ಕಾರಿನ ನಂಬರು. ಈ ಕತಾರ್ ದೇಶದ ಹೆಚ್ಚಿನ ನಂಬರ್ ಪ್ಲೇಟುಗಳಲ್ಲಿ ಅಕ್ಷರಗಳ ರಗಳೆ ಇಲ್ಲ, ಬರೀ ಅಂಕೆ, ಹೆಚ್ಚೆಂದರೆ ಆರು. ಕೆಲಸದಿಂದ ನಿವೃತ್ತನಾಗಿ, ಹೆಂಡತಿ ತೀರಿಕೊಂಡ ಮೇಲೆ ಅಲ್ ವುಕೈರ್‌ನಲ್ಲಿ ಮಗಳ ಮನೆ ಸೇರಿದ ನನಗೆ ಈಗ ಬೇರೆ ಕಸುಬಿಲ್ಲ. ಬೆಳಿಗ್ಗೆ ಕೆಳಗಿಳಿಯುತ್ತೇನೆ, ಯಾವ ನಂಬರು ಯಾವುದರಿಂದ ಭಾಗವಾಗುತ್ತದೆ ಎಂದು ಮನಸ್ಸಿನಲ್ಲೇ ಹೊಡೆಯುತ್ತ ಎರಡು ಸುತ್ತು ಬರುತ್ತೇನೆ.

“ಪಪ್ಪಾ, ಸೆಕ್ಯುರಿಟಿಯವ ಪುನಃ ಕೇಳಿದ. ನಿಮ್ಮ ತಂದೆ ಯಾಕೆ ಎಲ್ಲರ ಗಾಡಿ ಎದುರು ನಿಂತು ಪಿಸಪಿಸ ಮಾಡ್ತಾರೆ ಅಂತ,” ಎಂದಳು ಮಗಳು ಪ್ರಮೀಳಾ.

“ನೀನೆಂತ ಹೇಳಿದೆ?”

“ಪ್ರಾರ್ಥನೆ ಮಾಡ್ತಾರೆ ಅಂತ ಹೇಳಿದೆ. ಮತ್ತೆ ಎಂತ ಹೇಳುದು?”

ಈ ವಾರ ಸುತ್ತು ಎರಡರಿಂದ ಐದಕ್ಕೆ ಏರಿದೆ. ನಿಲ್ಲಲಿಕ್ಕೆ ಆಗುತ್ತಿಲ್ಲ, ಕೂರಲಿಕ್ಕೂ ಆಗುತ್ತಿಲ್ಲ. ಕಾರಣ ಎರಡು. ನಮ್ಮ ಊರಿನವರ ಸಂಘದ ಸಂಚಿಕೆಗೆ, ವರ್ಕ್‌ಶಾಪ್ ಕೆಲಸಕ್ಕೆ ಬರುವ ಹೊಸಬರಿಗಾಗಿ ಅನುಭವ ಬರೆದು ಕೊಡಿ ಎಂದು ಕಾರ್ಯದರ್ಶಿ ಗಂಟು ಬಿದ್ದಿದ್ದಾನೆ. ಅದು ಸಣ್ಣ ಕಾರಣ. ದೊಡ್ಡ ಕಾರಣ, ವಾಮನಣ್ಣ ಕತಾರಿಗೆ ಬಂದಿದ್ದಾರೆ. ಪಡುಬಿದ್ರಿಯ ವಾಮನಣ್ಣ, ನನ್ನ ಜೊತೆ ಎಂಟು ವರ್ಷ ಒಂದೇ ಮೆಷಿನ್ನಿನ ಪಕ್ಕ ದುಡಿದವರು. ಉಮ್ಮ್ ಸಲಾಲ್‌ನಲ್ಲಿ ಮಗನ ಮನೆಗೆ ಹೆಂಡತಿ ಸಮೇತ ಬಂದು ಒಂದು ತಿಂಗಳಾಯಿತಂತೆ. ಬರುವ ಶುಕ್ರವಾರ ವಾಪಸು ಹೋಗುತ್ತಾರೆ. ಅವರಿಗೆ ನಾನು ಒಂದು ಮಾತು ಹೇಳಲಿಕ್ಕಿದೆ. ಇಪ್ಪತ್ತೆರಡು ವರ್ಷದಿಂದ ಹೇಳಲಿಕ್ಕಿದೆ. ಇವತ್ತು ಸೋಮವಾರ. ಅವರಿಗೆ ಕೊಡಬೇಕಾದ ವಸ್ತು ಚೀಲದಲ್ಲಿ ಬಾಗಿಲ ಹತ್ತಿರ ಇದೆ. ಚೀಲ ಅಲ್ಲಿ, ನಾನು ಇಲ್ಲಿ.

ಇರಲಿ, ಮೊದಲು ಕೆಲಸದ ವಿಷಯ.

ಸನಾಯ್ಯ ಎಂದರೆ ದೋಹಾದ ಕೈಗಾರಿಕಾ ಪ್ರದೇಶ. ಅಲ್ಲಿ ನಮ್ಮದು ಗಿಯರ್ ಕಡಿಯುವ ವರ್ಕ್‌ಶಾಪು. ಎಲ್ಲೋ ಒಂದು ಪಂಪಿನ, ಕ್ರೇನಿನ ಗಿಯರ್ ಹಲ್ಲು ಮುರಿಯುತ್ತದೆ. ಹೊಸದು ಹಡಗಿನಲ್ಲಿ ಬರುವಾಗ ಮೂರು ತಿಂಗಳು. ಅಷ್ಟು ಕಾಯಲಿಕ್ಕೆ ಆಗದವರು ನಮ್ಮಲ್ಲಿಗೆ ಬರುತ್ತಿದ್ದರು. ನಮ್ಮ ಹಾಬಿಂಗ್ ಮೆಷಿನ್ನು ಹಳೆಯ ಕಾಲದ್ದು. ಒಂದು ಕಡೆ ಕತ್ತರಿಸುವ ಕಟರ್ ತಿರುಗುತ್ತದೆ, ಇನ್ನೊಂದು ಕಡೆ ಕಡಿಸಿಕೊಳ್ಳುವ ಕಬ್ಬಿಣದ ಚಕ್ರ. ಎರಡೂ ಒಂದು ಲೆಕ್ಕಕ್ಕೆ ಸರಿಯಾಗಿ ತಿರುಗಬೇಕು. ಆ ಲೆಕ್ಕವನ್ನು ಮೆಷಿನ್ನಿಗೆ ಹೇಳುವುದು ಹೇಗೆ? ಪಕ್ಕದಲ್ಲಿ ಆರು ಗಿಯರ್ ಕಟ್ಟಿ ಹೇಳುವುದು. ಮೇಲೆ ಮೂರು, ಕೆಳಗೆ ಮೂರು. ಇವುಗಳಿಗೆ ಚೇಂಜ್ ಗಿಯರ್ ಎನ್ನುತ್ತೇವೆ.

ಓರೆ ಹಲ್ಲಿನ ಗಿಯರ್ ಬಂದರೆ ಲೆಕ್ಕ ಕೊಂಕಾಗುತ್ತದೆ. ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಕೊನೆಗೆ ಒಂದು ಭಿನ್ನರಾಶಿ ಸಿಗುತ್ತದೆ, ಮೇಲೊಂದು ದೊಡ್ಡ ಸಂಖ್ಯೆ, ಕೆಳಗೊಂದು ದೊಡ್ಡ ಸಂಖ್ಯೆ. ಆರು ಲಕ್ಷ ಹಲ್ಲಿನ ಗಿಯರ್ ಯಾರ ಹತ್ತಿರವೂ ಇಲ್ಲ. ನಮ್ಮ ಹತ್ತಿರ ಇದ್ದದ್ದು ಇಪ್ಪತ್ತು ಹಲ್ಲಿನಿಂದ ನೂರಿಪ್ಪತ್ತು ಹಲ್ಲಿನವರೆಗೆ. ಹಾಗಾಗಿ ದೊಡ್ಡ ಸಂಖ್ಯೆಯನ್ನು ಒಡೆಯಬೇಕು. ಗುಣಿಸಿದರೆ ಮತ್ತೆ ಅದೇ ದೊಡ್ಡ ಸಂಖ್ಯೆ ಬರುವಂಥ ಮೂರು ಸಣ್ಣ ಸಂಖ್ಯೆಗಳು ಬೇಕು. ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸ ಇಷ್ಟೇ. ಊರಲ್ಲಿ ಯಾರಾದರೂ ಗಲ್ಫಿನಲ್ಲಿ ಎಂತ ಕೆಲಸ ಅಂತ ಕೇಳಿದರೆ “ಸಂಖ್ಯೆ ಒಡೆಯುದು” ಎನ್ನುತ್ತಿದ್ದೆ. ಅವರು ನಗುತ್ತಿದ್ದರು.

ನನಗೆ ಇದನ್ನು ಕಲಿಸಿದವರು ಫೋರ್‌ಮನ್ ಹಸನ್ ಕಾಕ. ಬಂಟ್ವಾಳ ಕಡೆಯ ಬ್ಯಾರಿ, ಆರನೇ ಕ್ಲಾಸಿಗೇ ಶಾಲೆ ಬಿಟ್ಟವರು. ಅವರ ತಲೆಯಲ್ಲಿ ಸಂಖ್ಯೆಗಳಿಗೆ ಮೂರು ಜಾತಿ. ಪಾಪದವರು, ಮೊಂಡರು, ಕಳ್ಳರು. ಪಾಪದವರೆಂದರೆ ಯಾರು ಬಡಿದರೂ ಒಡೆಯುವವರು. 5040ನ್ನು ಒಂದರಿಂದ ಹತ್ತರವರೆಗೆ ಯಾವುದರಿಂದ ಬೇಕಾದರೂ ಭಾಗಿಸಿ, ಶೇಷ ಉಳಿಯುವುದಿಲ್ಲ. ಮೊಂಡರು ಎಂದರೆ ಪುಸ್ತಕದಲ್ಲಿ ಅವಿಭಾಜ್ಯ ಸಂಖ್ಯೆ ಅಂತ ಬರೆದಿರುತ್ತದಲ್ಲ, ಒಂದು ಮತ್ತು ತನ್ನನ್ನು ಬಿಟ್ಟು ಯಾರಿಗೂ ಬಗ್ಗದವರು, ಅವರು. ಕಳ್ಳರು ಮೊಂಡರ ಹಾಗೆ ಮುಖ ಮಾಡಿಕೊಂಡು ಕೂತಿರುತ್ತಾರೆ. 91 ನೋಡಿ, ಎಷ್ಟು ಗಂಭೀರ. ಏಳು ಹದಿಮೂರಲಿ ತೊಂಬತ್ತೊಂದು. 9991 ಇನ್ನೂ ದೊಡ್ಡ ಕಳ್ಳ, 97 ಮತ್ತು 103ರ ಗುಣಲಬ್ಧ.

“ಮೊಂಡನನ್ನು ಬಿಟ್ಟುಬಿಡು ಮೋನೇ, ಅವ ಬದಲಾಗುದಿಲ್ಲ,” ಎನ್ನುತ್ತಿದ್ದರು ಕಾಕ. ಮೋನೇ ಎಂದರೆ ಮಗನೇ. “ಕಳ್ಳನನ್ನು ಮೊಂಡ ಅಂತ ಬರೆದೆಯೋ, ಆಗ ನೀನು ಹಾಳು.”

ಕಳ್ಳನನ್ನು ಹಿಡಿಯಲಿಕ್ಕೆ ಒಂದು ನಿಯಮ ಇದೆ. ಸಂಖ್ಯೆ ಎರಡು ತುಂಡಾಗುವುದಾದರೆ ಸಣ್ಣ ತುಂಡು ಅದರ ವರ್ಗಮೂಲವನ್ನು ದಾಟುವುದಿಲ್ಲ. ಆದ್ದರಿಂದ ಎರಡು, ಮೂರು, ಐದು, ಏಳು ಹೀಗೆ ಮೊಂಡರಿಂದ ಮಾತ್ರ ಭಾಗಿಸುತ್ತ ಹೋಗಿ, ವರ್ಗಮೂಲ ಬಂದಾಗ ನಿಲ್ಲಿಸಿದರೆ ಸಾಕು. ಅಲ್ಲಿಯ ತನಕ ಒಡೆಯದ್ದು ಮುಂದೆಯೂ ಒಡೆಯುವುದಿಲ್ಲ. ನಿಯಮ ಹದಿನಾರಾಣೆ ಸರಿ. ನನ್ನನ್ನು ಕೆಡಿಸಿದ್ದರಲ್ಲಿ ಅರ್ಧ ಪಾಲು ಈ ನಿಯಮದ್ದೇ.

ಉಳಿದರ್ಧ ನಮ್ಮ ಹಲಗೆಯದ್ದು. ಗೋಡೆಗೆ ಒಂದು ದೊಡ್ಡ ಪ್ಲೈವುಡ್ ಹಲಗೆ, ಅದಕ್ಕೆ ಸಾಲಾಗಿ ಮೊಳೆಗಳು, ಪ್ರತಿ ಮೊಳೆಗೆ ಒಂದು ಗಿಯರ್, ಮೇಲೆ ಕೆಂಪು ಪೇಂಟಿನಲ್ಲಿ ಹಲ್ಲಿನ ಸಂಖ್ಯೆ. ಮೊಂಡರಿಗೇ ಒಂದು ಬೇರೆ ಸಾಲು. ಇಪ್ಪತ್ತರೊಳಗಿನ ಮೊಂಡರಿಂದ ಬಾಯಲ್ಲೇ ಹೊಡೆದು, ಎಂದರೆ ಭಾಗಿಸಿ, ಮುಗಿಸಿದ ಮೇಲೆ ನಾವು ಕಾಗದ ನೋಡುತ್ತಿರಲಿಲ್ಲ, ಹಲಗೆ ನೋಡುತ್ತಿದ್ದೆವು. 23ರಿಂದ ಹೊಡಿ, 29ರಿಂದ ಹೊಡಿ, 31ರಿಂದ ಹೊಡಿ. ಕಣ್ಣು ಗೋಡೆಯ ಮೇಲೆ ನಡೆಯುತ್ತಿತ್ತು, ಬೆರಳು ಕ್ಯಾಲ್ಕುಲೇಟರಿನ ಮೇಲೆ.

ಸೇರಿದ ವರ್ಷವೇ ನಾನು 10,001 ಮೊಂಡ ಎಂದು ರಿಜಿಸ್ಟರಿನಲ್ಲಿ ಬರೆದೆ. ಕಾಕ ನೋಡಿ, “73ರಿಂದ ಹೊಡೆದೆಯಾ?” ಎಂದರು. ಹೊಡೆದೆ. 137 ಬಂತು. ನಾಚಿಕೆಯಾಯಿತು.

“ಒಡೆಯಿತು ಕಾಕ. ಆದರೆ 137 ಹಲ್ಲಿನದ್ದು ನಮ್ಮಲ್ಲಿ ಇಲ್ಲವಲ್ಲ.”

“ಹಾಗಾದ್ರೆ ಒಡಿಲಿಲ್ಲ ಅಂತಲೇ ಬರಿ. ಮೊಳೆಯಲ್ಲಿ ಇಲ್ಲದ ತುಂಡು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.”

ಆ ಮಾತು ಕಸುಬಿನ ಮಾತು. ತಪ್ಪೇನಲ್ಲ. ಆದರೆ ನನ್ನ ತಲೆಯೊಳಗೆ ಅದು ಬೇರೆ ಆಕಾರದಲ್ಲಿ ಕೂತುಬಿಟ್ಟಿತು. ಮೊಳೆಯಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು.

ಮಂಗಳವಾರ. ನಿನ್ನೆ ಸಂಜೆ ಚೀಲ ಎತ್ತಿಕೊಂಡು ಬಸ್ ಸ್ಟಾಪಿನ ತನಕ ಹೋಗಿ ಬಂದೆ. “ಎಲ್ಲಿಗೆ ಪಪ್ಪಾ?” ಎಂದಳು ಪ್ರಮೀಳಾ. ವಾಕಿಂಗ್ ಎಂದೆ. “ಕಬ್ಬಿಣ ಹೊತ್ತುಕೊಂಡು ವಾಕಿಂಗಾ?” ಎಂದಳು. ಇವಳಿಗೂ ನಾನು ಹೇಳಿಲ್ಲ.

ಮೇಲಿನವರ ಬಗ್ಗೆಯೂ ಬರೆಯಬೇಕು ಎಂದಿದ್ದಾನೆ ಕಾರ್ಯದರ್ಶಿ. ನಮ್ಮ ಮ್ಯಾನೇಜರನ್ನು ಎಲ್ಲರೂ ಮುದೀರ್ ಎಂದೇ ಕರೆಯುತ್ತಿದ್ದದ್ದು. ಕೆಟ್ಟವನಲ್ಲ. ಸಂಬಳ ತಡ ಮಾಡಿದವನಲ್ಲ, ರಜೆಯ ಕಾಗದಕ್ಕೆ ಸಹಿ ಹಾಕಲು ಸತಾಯಿಸಿದವನಲ್ಲ. ಆದರೆ ಅವನಿಗೆ ಗೊತ್ತಿದ್ದ ಪ್ರಶ್ನೆ ಒಂದೇ. ಬಾಗಿಲಲ್ಲಿ ನಿಂತು “ಖಲಾಸ್?” ಎನ್ನುವುದು. ಮುಗಿಯಿತು ಎಂದರೆ ಹೋಗುತ್ತಿದ್ದ. ಇಲ್ಲ ಎಂದರೆ “ಯಲ್ಲಾ, ಯಲ್ಲಾ” ಎಂದು ಚಪ್ಪಾಳೆ ತಟ್ಟುತ್ತಿದ್ದ. ದಿನಕ್ಕೆ ಆರು ಸಲ ಆ ಖಲಾಸ್ ಕೇಳಿದವರು ಒಂದು ಲೆಕ್ಕವನ್ನು ಎರಡನೇ ಸಲ ಮಾಡುವುದಿಲ್ಲ. ನೆಪ ಹೇಳುತ್ತಿದ್ದೇನೆ ಅಂತ ನನಗೂ ಗೊತ್ತುಂಟು.

ಮೆಷಿನ್ ನಡೆಸುತ್ತಿದ್ದವರು ವಾಮನಣ್ಣ. ನಾನು ಬರೆದು ಕೊಟ್ಟ ಆರು ಗಿಯರ್ ಮೊಳೆಯಿಂದ ಇಳಿಸಿ ಕಟ್ಟುವುದು, ಚಕ್ರವನ್ನು ಕೂರಿಸುವುದು, ಕಡಿಯುವುದು ಅವರ ಕೆಲಸ. ಶಬ್ದ ಕೇಳಿಯೇ ಕಟರ್ ಮೊಂಡಾದದ್ದು ಹೇಳುತ್ತಿದ್ದರು. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳು ಕನ್ನಡ ಎರಡೂ ಕಲಸಿ. ಎಂಟು ವರ್ಷ ಒಂಟಿಯಾಗಿ ಕಂಪನಿಯ ಲೇಬರ್ ಕ್ಯಾಂಪಿನಲ್ಲಿ ಇದ್ದವರಿಗೆ, ಇಪ್ಪತ್ತೆರಡು ವರ್ಷದ ಹಿಂದೆ, ಫ್ಯಾಮಿಲಿ ವೀಸಾ ಆಗುವುದಿತ್ತು. ಬಿನ್ ಒಮ್ರಾನ್‌ನಲ್ಲಿ ಎರಡು ಕೋಣೆಯ ಒಂದು ಮನೆ ನೋಡಿ ಇಟ್ಟಿದ್ದರು. ಊರಲ್ಲಿದ್ದ ಹೆಂಡತಿ ಸುಮತಿಯಕ್ಕನಿಗೆ ಆ ಮನೆಯ ಬಗ್ಗೆ ಎರಡು ಪುಟ ಕಾಗದ ಬರೆದಿದ್ದರು. ಅದರಲ್ಲಿ ಒಂದು ಪುಟ ಪೂರ್ತಿ ಅಡುಗೆಮನೆಯ ಕಿಟಕಿಯದ್ದೇ.

“ಒಂದು ಕಿಟಕಿಗೆ ಒಂದು ಪುಟವಾ ವಾಮನಣ್ಣ?” ಎಂದು ತಮಾಷೆ ಮಾಡಿದ್ದೆ.

“ಅವಳು ದಿನಾ ಅಲ್ಲೇ ಅಲ್ಲವಾ ನಿಲ್ಲುದು. ಎಂತ ಕಾಣ್ತದೆ ಅಂತ ಹೇಳುದು ಬೇಡವಾ?” ಎಂದಿದ್ದರು.

ಆ ಹೊತ್ತಿಗೆ ಬಂದದ್ದು ಆ ಕೆಲಸ. ಒಂದು ನೀರಿನ ಪಂಪಿನ ಗಿಯರ್‌ಬಾಕ್ಸಿಗೆ ಓರೆ ಹಲ್ಲಿನ ಗಿಯರ್, ಅಗಲವಾದದ್ದು, ಅರ್ಜೆಂಟು. ಲೆಕ್ಕ ಮಾಡಿದೆ. ಭಿನ್ನರಾಶಿಯ ಮೇಲಿನ ಸಂಖ್ಯೆ ಪಾಪದ್ದು, ಸಲೀಸಾಗಿ ಮೂರು ತುಂಡಾಯಿತು. ಕೆಳಗೆ ಬಂದದ್ದು 6,12,943. ಸಮ ಅಲ್ಲ. ಅಂಕೆಗಳ ಮೊತ್ತ 25, ಹಾಗಾಗಿ ಮೂರರಿಂದ ಹೋಗುವುದಿಲ್ಲ. ಐದು ಇಲ್ಲ, ಏಳು ಇಲ್ಲ. ಹಲಗೆ ನೋಡುತ್ತ ಹೊಡೆದುಕೊಂಡು ಹೋದೆ. 71ಕ್ಕೆ ಸಿಕ್ಕಿತು. ಉಳಿದದ್ದು 8633. ಇದೊಂದು ಇನ್ನೆರಡು ತುಂಡಾದರೆ ಕೆಲಸ ಮುಗಿದ ಹಾಗೆ.

8633ರ ವರ್ಗಮೂಲ 93ಕ್ಕೆ ಸ್ವಲ್ಪ ಕಡಿಮೆ. 73ರಿಂದ ಹೊಡೆದೆ, ಇಲ್ಲ. 79, ಇಲ್ಲ. 83, ಇಲ್ಲ. ಮುಂದಿನದ್ದು 89.

89ರ ಮೊಳೆ ಖಾಲಿ ಇತ್ತು. ಆ ಗಿಯರಿನ ಒಂದು ಹಲ್ಲು ಮುರಿದು, ಅದೇ ಅಳತೆಯ ಹೊಸದು ಮಾಡಿಸಲು ಹಸನ್ ಕಾಕ ಬೇರೆ ಅಂಗಡಿಗೆ ಕೊಟ್ಟಿದ್ದರು. 89 ಹಲ್ಲು ಕಡಿಯಲಿಕ್ಕೆ ನಮ್ಮ ಮೆಷಿನ್ನಿಗೂ 89ರ ಗಿಯರೇ ಬೇಕಲ್ಲ. ಮೂರು ವಾರದಿಂದ ಎಲ್ಲರ ಬಾಯಲ್ಲೂ “ಎಂಬತ್ತೊಂಬತ್ತು ಮಾಫಿ”, ಎಂಬತ್ತೊಂಬತ್ತು ಇಲ್ಲ. ನನ್ನ ಕಣ್ಣು ಆ ಮೊಳೆಯನ್ನು ದಾಟಿ ಹೋಯಿತು. ಮುಂದೆ ತೂಗುತ್ತಿದ್ದದ್ದು 97. ಅದು ವರ್ಗಮೂಲಕ್ಕಿಂತ ದೊಡ್ಡದು, ನಿಯಮದ ಪ್ರಕಾರ ನೋಡುವ ಅಗತ್ಯವೇ ಇಲ್ಲ. “8633 ಒಡೆಯುವುದಿಲ್ಲ” ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ. ಬಾಗಿಲಲ್ಲಿ ಮುದೀರ್ “ಖಲಾಸ್?” ಎಂದ.

ಅಕ್ಕಪಕ್ಕದ ಸಂಖ್ಯೆಗಳನ್ನು ನೋಡಿದೆ. 6,12,941 ಏಳರಿಂದ ಮೂರು ಸಲ ಒಡೆದು, 1787ರಲ್ಲಿ ಮೊಂಡಾಗಿ ಕೂತಿತು. 6,12,944 ಒಡೆದು ಒಡೆದು 1321ರಲ್ಲಿ ನಿಂತಿತು. ಕೊನೆಗೆ ಮೇಲಿನದ್ದು ಕೆಳಗಿನದ್ದು ಎರಡನ್ನೂ ಬದಲಿಸಿ ಬೇರೊಂದು ಜೋಡಿ ಹುಡುಕಿದೆ. ಬೇಕಾದ ಉತ್ತರಕ್ಕೂ ಇದಕ್ಕೂ ವ್ಯತ್ಯಾಸ ಆರನೇ ದಶಮಾಂಶದಲ್ಲಿ ಮಾತ್ರ. ಹೊಸಬರು ಗಮನಿಸಿ, ಆರನೇ ದಶಮಾಂಶ ಎಂದರೆ ಕಾಗದದ ಮೇಲೆ ಏನೂ ಅಲ್ಲ. ಮೆಷಿನ್ನಿನಲ್ಲಿ ಚಕ್ರ ಒಂದು ಸುತ್ತು ಬರುವಾಗ ಅಷ್ಟು ತಪ್ಪುತ್ತದೆ, ಮತ್ತೊಂದು ಸುತ್ತಿಗೆ ಮತ್ತಷ್ಟು. ಹಲ್ಲಿನ ಈ ತುದಿಯಿಂದ ಆ ತುದಿ ಮುಟ್ಟುವಾಗ ಒಂದು ಕೂದಲಿನಷ್ಟು ಓರೆ ಕೂಡುತ್ತದೆ. ಆಮೇಲೆ ಭಾರವೆಲ್ಲ ಒಂದೇ ಮೂಲೆಯ ಮೇಲೆ.

ವಾಮನಣ್ಣ ಕಡಿದರು. ಜೊತೆಯ ಗಿಯರಿಗೆ ನೀಲಿ ಬಣ್ಣ ಹಚ್ಚಿ, ಎರಡನ್ನೂ ಹಲ್ಲಿಗೆ ಹಲ್ಲು ಕೂರಿಸಿ ತಿರುಗಿಸಿ ನೋಡುವ ಪದ್ಧತಿ ಇದೆ. ಬಣ್ಣ ಹಲ್ಲಿನ ಉದ್ದಕ್ಕೂ ಹಿಡಿಯಬೇಕು. ನೋಡಿದವರೇ ನನ್ನ ಮೇಜಿಗೆ ಬಂದರು.

“ವಿಕ್ಟರ್, ಬ್ಲೂ ಒಂದೇ ತುದಿಗೆ ಹಿಡಿತದೆ ಮಾರಾಯ. ಲೆಕ್ಕ ಒಮ್ಮೆ ನೋಡ್ತೀಯಾ?”

“ಲೆಕ್ಕ ಸರಿ ಉಂಟು. ನೀವು ಚಕ್ರ ಕೂರಿಸಿದ್ದು ನೋಡಿ.”

ಅವರು ಹೋಗಿ ಎಲ್ಲ ಬಿಚ್ಚಿ ಪುನಃ ಕೂರಿಸಿದರು. ಇನ್ನೊಂದು ಚಕ್ರ ಕಡಿದರು. ಮತ್ತೆ ಅದೇ. ಆ ಸಲ ನನ್ನ ಹತ್ತಿರ ಬರಲಿಲ್ಲ. ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡು ನಿಂತದ್ದನ್ನು ನಾನು ಮೇಜಿನಿಂದಲೇ ನೋಡಿದೆ. ಮುದೀರ್ ಬಂದು “ಖಲಾಸ್?” ಎಂದ. ಗಿಯರ್ ಹೋಯಿತು.

ಐದು ವಾರಕ್ಕೆ ವಾಪಸು ಬಂತು, ಹಲ್ಲುಗಳು ಒಂದೇ ತುದಿಯಲ್ಲಿ ಮುರಿದು. ಪಂಪು ನಿಂತಿತ್ತು, ಗಿರಾಕಿ ಕೂಗಾಡಿ ಹೋಗಿದ್ದ. ಮುದೀರ್ ನಮ್ಮಿಬ್ಬರನ್ನೂ ಆಫೀಸಿಗೆ ಕರೆದ. ರಿಜಿಸ್ಟರ್ ತಿರುಗಿಸಿದ, ಅವನಿಗೆ ಅರ್ಥವಾಗಲಿಲ್ಲ. ನನ್ನನ್ನು ನೇರ ಕೇಳಿದ, ಲೆಕ್ಕ ಸರಿಯಾ ಎಂದು. ಸರಿ ಎಂದೆ. ಆ ಸಂಖ್ಯೆ ಒಡೆಯುವುದಿಲ್ಲ, ಇದಕ್ಕಿಂತ ಹತ್ತಿರದ್ದು ಸಿಗುವುದಿಲ್ಲ ಎಂದೆ. ಸುಳ್ಳು ಹೇಳಲಿಲ್ಲ, ನಾನು ಹಾಗೆಯೇ ನಂಬಿದ್ದೆ. ವಾಮನಣ್ಣನನ್ನು ಕೇಳಿದ. ಅವರು, “ವಿಕ್ಟರ್ ಲೆಕ್ಕ ತಪ್ಪುದಿಲ್ಲ ಸಾರ್. ನನ್ನ ಕೂರಿಸುದರಲ್ಲೇ ಎಂತದೋ ಆಗಿರ್ಬೇಕು,” ಎಂದರು.

ಅಲ್ಲಿಗೆ ಮುಗಿಯಿತು. ಹದಿನೈದು ದಿನದಲ್ಲಿ ಅವರ ವೀಸಾ ಕ್ಯಾನ್ಸಲ್. ಕ್ಯಾನ್ಸಲ್ ಆಗಿ ಊರಿಗೆ ಹೋಗುವವನ ಬೆನ್ನಿಗೆ ಕ್ಯಾಂಪಿನಲ್ಲಿ ಕಥೆಗಳು ಹುಟ್ಟುತ್ತವೆ, ಜಗಳ ಮಾಡಿದ, ಕದ್ದ, ಕುಡಿದ ಎಂದು. ನಾನು ಆ ಕಡೆ ಕಿವಿ ಹಾಕಲಿಲ್ಲ.

ಬುಧವಾರ. ಇಲ್ಲಿಯ ತನಕ ಬರೆದದ್ದನ್ನು ಓದಿದೆ. ಇದುವರೆಗಿನದ್ದು ಬರೀ ತಪ್ಪು. ಇನ್ನು ಮೇಲಿನದ್ದು ಪಾಪ. ಮೂರು ಸಲ ಎದ್ದು ನೀರು ಕುಡಿದೆ, ಎರಡು ಸಲ ಲಿಫ್ಟಿನಲ್ಲಿ ಕೆಳಗೆ ಹೋಗಿ ಮೇಲೆ ಬಂದೆ.

ವಾಮನಣ್ಣನ ಟಿಕೇಟಿಗೆ ಇನ್ನೂ ಆರು ದಿನ ಇದ್ದಾಗ ಹಸನ್ ಕಾಕ ಹೊಸ ಗಿಯರ್ ತಂದು 89ರ ಮೊಳೆಗೆ ತೂಗಿಸಿದರು. “ಎಂಬತ್ತೊಂಬತ್ತು ಬಂತು,” ಎಂದರು, ಎಲ್ಲರಿಗೂ ಕೇಳುವಂತೆ. ನನ್ನ ಕಣ್ಣು ಹೋಯಿತು. ಅಭ್ಯಾಸ ಕೆಟ್ಟದ್ದು, ಬೆರಳು ಕ್ಯಾಲ್ಕುಲೇಟರಿಗೆ ಹೋಯಿತು. 8633ನ್ನು 89ರಿಂದ ಹೊಡೆದೆ. 97 ಬಂತು. ಮುಂದಿನ ಮೊಳೆಯಲ್ಲಿ 97 ತೂಗುತ್ತಲೇ ಇತ್ತು, ಮೊದಲಿನಿಂದಲೂ. ಒಡೆಯುತ್ತದೆ ಎಂದು ಬರೆದಿದ್ದರೆ 89 ಒಂದನ್ನು ಬೇರೆ ಅಂಗಡಿಯಿಂದ ಎರವಲು ತರಬಹುದಿತ್ತು.

ಮತ್ತೆ ಹೊಡೆದೆ. 97.

“ಎಂತ ಆಯ್ತು ಮೋನೇ, ಮುಖ ಬಿಳಿಚಿತು?” ಎಂದರು ಕಾಕ.

“ಎಂತ ಇಲ್ಲ ಕಾಕ.”

ಅವತ್ತೇ ಆ ಆಫೀಸಿಗೆ ಹೋಗಿ ಹೇಳಬಹುದಿತ್ತು. ಅಥವಾ ಕ್ಯಾಂಪಿಗೆ ಹೋಗಿ ವಾಮನಣ್ಣನಿಗಾದರೂ ಹೇಳಬಹುದಿತ್ತು. ಹೋಗಲಿಲ್ಲ. ಆ ತಿಂಗಳೇ ನನ್ನ ಹೆಂಡತಿ ಮಗಳ ವೀಸಾ ಕಾಗದವೂ ಮುದೀರನ ಮೇಜಿನ ಮೇಲೆ ಇತ್ತು. ತಪ್ಪು ನನ್ನದು ಎಂದರೆ ಕ್ಯಾನ್ಸಲ್ ಆಗುವವನು ನಾನು. ಆರು ದಿನ ನಾನು ಅನ್ನ ಸರಿಯಾಗಿ ತಿನ್ನಲಿಲ್ಲ, ಆದರೆ ಬಾಯಿ ಬಿಡಲಿಲ್ಲ. ವಾಮನಣ್ಣ ಹೊರಡುವ ದಿನ ಬಂದು ನನ್ನ ಕೈ ಹಿಡಿದು, “ನಿನಗೆ ಕೆಟ್ಟ ಹೆಸರು ಬರಲಿಲ್ಲವಲ್ಲ, ಅಷ್ಟು ಸಾಕು,” ಎಂದರು. ಆಗಲೂ ಬಿಡಲಿಲ್ಲ. ನಾನು ಹೇಡಿ. ಇದನ್ನು ಬೇರೆ ಶಬ್ದದಲ್ಲಿ ಬರೆಯಲಿಕ್ಕೆ ನನಗೆ ಬರುವುದಿಲ್ಲ.

ಇನ್ನೊಂದು ಇದೆ. ಬಿನ್ ಒಮ್ರಾನ್‌ನ ಆ ಮನೆ ಖಾಲಿ ಉಳಿಯಿತು. ಅದರ ಮಾಲೀಕ ವಾಮನಣ್ಣನನ್ನು ಹುಡುಕಿಕೊಂಡು ವರ್ಕ್‌ಶಾಪಿಗೆ ಬಂದ. ಅವರಿಲ್ಲ ಎಂದು ಗೊತ್ತಾದಾಗ, ನಿಮಗಾದರೂ ಬೇಕಾ ಎಂದು ನನ್ನನ್ನು ಕೇಳಿದ. ನನ್ನ ಹೆಂಡತಿ ಮಗಳ ವೀಸಾ ಬಂದಿತ್ತು. ತೆಗೆದುಕೊಂಡೆ. ಒಂಬತ್ತು ವರ್ಷ ಆ ಮನೆಯಲ್ಲಿ ಸಂಸಾರ ಮಾಡಿದೆ. ಪ್ರಮೀಳಾ ಶಾಲೆಗೆ ಸೇರಿದ್ದು, ಓದು ಕಲಿತದ್ದು ಅಲ್ಲಿ. ಅಡುಗೆಮನೆಯ ಕಿಟಕಿಯ ಹತ್ತಿರ ಮಾತ್ರ ನಾನು ಹೆಚ್ಚು ನಿಲ್ಲುತ್ತಿರಲಿಲ್ಲ.

ಆಮೇಲೆ ಕಾಲ ಬದಲಾಯಿತು. ಕಂಪ್ಯೂಟರ್ ಮೆಷಿನ್ ಬಂತು. ಅದಕ್ಕೆ ಚೇಂಜ್ ಗಿಯರ್ ಬೇಡ, ಸಂಖ್ಯೆ ಒಡೆಯುವುದು ಬೇಡ, ಉತ್ತರ ಒತ್ತಿದರೆ ತಾನೇ ತಿರುಗುತ್ತದೆ. ಹಸನ್ ಕಾಕ ಅದನ್ನು ಎರಡು ದಿನ ನೋಡಿ, “ಇದಕ್ಕೆ ಮೊಂಡನೂ ಒಂದೇ, ಪಾಪದವನೂ ಒಂದೇ. ನನ್ನ ಕೆಲಸ ಖಲಾಸ್,” ಎಂದು ಊರಿಗೆ ಹೋದರು. ಈಗ ಅವರಿಲ್ಲ. ಹಳೆಯ ಮೆಷಿನ್ ಗುಜರಿಗೆ ಹೋದ ದಿನ ಎಲ್ಲರೂ ನೆನಪಿಗೆಂದು ಒಂದೊಂದು ಗಿಯರ್ ಎತ್ತಿಕೊಂಡರು. ನಾನು 89 ತೆಗೆದುಕೊಂಡೆ. ಬಾಗಿಲ ಹತ್ತಿರದ ಚೀಲದಲ್ಲಿ ಇರುವುದು ಅದೇ.

ಮೊನ್ನೆ ಮಗಳ ಮೊಬೈಲಿನಲ್ಲಿ 6,12,943 ಎಂದು ಹಾಕಿ, ಒಡೆದು ಕೊಡು ಎಂದೆ. ಕಣ್ಣು ಮಿಟುಕಿಸುವುದರೊಳಗೆ ಕೊಟ್ಟಿತು. 71, 89, 97. ನನಗೆ ಸಿಟ್ಟು ಬಂತು. ಮೊಬೈಲಿನ ಮೇಲಲ್ಲ. ಹೊಸಬರಿಗೆ ನಾನು ಹೇಳುವುದು ಒಂದೇ. ನಿಮ್ಮ ಮೆಷಿನ್ ಎಷ್ಟೇ ಜಾಣ ಇರಲಿ, ಅದನ್ನು ನಡೆಸುವವನು ಬಂದು ಒಂದೇ ತುದಿಗೆ ಹಿಡಿತದೆ ಎಂದರೆ ಅವನ ಕೈ ನೋಡಬೇಡಿ. ಮೊದಲು ನಿಮ್ಮ ಕಾಗದ ನೋಡಿ.

ಇವತ್ತು ಶುಕ್ರವಾರ. ನಿನ್ನೆ ಹೋದೆ. ಬಸ್ಸು, ಮೆಟ್ರೋ, ಆಮೇಲೆ ಟ್ಯಾಕ್ಸಿ. ದಾರಿಯುದ್ದಕ್ಕೂ ಒಂದು ನಂಬರನ್ನೂ ಒಡೆಯಲಿಲ್ಲ. ಉಮ್ಮ್ ಸಲಾಲ್‌ನ ಆ ಮನೆಯಲ್ಲಿ ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಹಜಾರದಲ್ಲಿ ಅರ್ಧ ತುಂಬಿದ ಸೂಟ್‌ಕೇಸು ಬಿದ್ದುಕೊಂಡಿತ್ತು.

“ಬಾ ಮಾರಾಯ. ತಲೆ ಪೂರಾ ಬೆಳ್ಳಗಾಯ್ತಲ್ಲ ನಿಂದು,” ಎಂದರು ವಾಮನಣ್ಣ.

“ನಿಮ್ಮದು ಹೋಗಿಯೇ ಆಯ್ತಲ್ಲ ವಾಮನಣ್ಣ.”

ನಕ್ಕರು. ಸುಮತಿಯಕ್ಕ ಚಹಾ ತಂದಿಟ್ಟು, ನಮಸ್ಕಾರ ಹೇಳಿ ಒಳಗೆ ಹೋದರು. ಗಂಡನ ಕಡೆ ನೋಡಲಿಲ್ಲ. ನಾನು ಚೀಲದಿಂದ ಗಿಯರ್ ತೆಗೆದು ಟೀಪಾಯಿಯ ಮೇಲೆ ಇಟ್ಟೆ. ವಾಮನಣ್ಣ ಅದನ್ನು ಎತ್ತಿ, ಕೆತ್ತಿದ ಸಂಖ್ಯೆಯ ಮೇಲೆ ಹೆಬ್ಬೆರಳು ಆಡಿಸಿದರು.

“ಎಂಬತ್ತೊಂಬತ್ತು. ಇದು ಎಂತಕ್ಕೆ ತಂದದ್ದು?”

ಹೇಳಿದೆ. ನಾಲ್ಕು ದಿನ ಮನಸ್ಸಿನಲ್ಲಿ ಜೋಡಿಸಿಟ್ಟದ್ದು ಒಂದೂ ಬಾಯಿಗೆ ಬರಲಿಲ್ಲ. ಖಾಲಿ ಮೊಳೆ, 6,12,943, ಅದರೊಳಗಿನ 8633, ಕಾಕ ತಂದು ತೂಗಿಸಿದ್ದು, ಆರು ದಿನ ನಾನು ಸುಮ್ಮನಿದ್ದದ್ದು, ಎಲ್ಲ ಹಿಂದುಮುಂದಾಗಿ ಬಂತು. ಮುಗಿದ ಮೇಲೆ ಅವರು ಔಷಧಿ ಅಂಗಡಿಯ ಒಂದು ಚೀಟಿ ಹುಡುಕಿ, ಅದರ ಹಿಂದುಗಡೆ ಪೆನ್ನಿನಲ್ಲಿ ಗುಣಿಸತೊಡಗಿದರು. 71ನ್ನು 89ರಿಂದ, ನಿಧಾನವಾಗಿ, ತುಟಿ ಆಡಿಸುತ್ತ. 6,319. ಅದನ್ನು 97ರಿಂದ. ಕೊನೆಯ ಸಾಲು ಕೂಡಿಸಿ, ಕೆಳಗೆ ಗೆರೆ ಎಳೆದು, ಚೀಟಿಯನ್ನು ದೂರ ಹಿಡಿದು ಓದಿದರು.

“ಆರು ಲಕ್ಷದ ಹನ್ನೆರಡು ಸಾವಿರದ ಒಂಬೈನೂರ ನಲ್ವತ್ತಮೂರು.”

“ಹೌದು.”

“ಹಾಗಾದ್ರೆ ನಾನು ಕೂರಿಸಿದ್ದು ಸರಿ ಇತ್ತು.”

“ಸರಿ ಇತ್ತು ವಾಮನಣ್ಣ. ಎರಡು ಸಲವೂ.”

“ಊರಿಗೆ ಹೋದ ಮೇಲೆ ನಾನು ಮೆಷಿನ್ ಮುಟ್ಟಲಿಲ್ಲ, ಗೊತ್ತುಂಟಾ? ಮಂಗಳೂರಲ್ಲಿ ಎರಡು ಕಡೆ ಕರೆದಿದ್ರು. ಹೋಗ್ಲಿಲ್ಲ. ಕೈ ಮೇಲೆ ನಂಬಿಕೆ ಇರ್ಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿದೆ, ಹದಿನೆಂಟು ವರ್ಷ.”

ಬೈಯಲಿ ಎಂದು ಕಾದೆ. ಬೈದಿದ್ದರೆ ಎದ್ದು ಬರಲಿಕ್ಕೆ ಸುಲಭವಾಗುತ್ತಿತ್ತು. ಅವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು, ಒಳಗೆ ನೋಡಿ ಕರೆದರು.

“ಸುಮತೀ, ಸ್ವಲ್ಪ ಬಾ ಇಲ್ಲಿ.” ಮತ್ತೆ ನನ್ನ ಕಡೆ ತಿರುಗಿ, “ಇನ್ನೊಮ್ಮೆ ಹೇಳು. ನನಗಲ್ಲ, ಇವಳಿಗೆ,” ಎಂದರು.

ಸುಮತಿಯಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲ ಹತ್ತಿರವೇ ನಿಂತರು. ಅವರಿಗೆ ಎಂಬತ್ತೊಂಬತ್ತು ತೊಂಬತ್ತೇಳು ಎಂದು ಹೇಳಿ ಏನು ಪ್ರಯೋಜನ? ಸಂಖ್ಯೆಗಳ ಹಿಂದೆ ಅಡಗಲಿಕ್ಕೆ ಈ ಸಲ ಜಾಗ ಇರಲಿಲ್ಲ.

“ಲೆಕ್ಕ ತಪ್ಪಿದ್ದು ನಂದು ಅಕ್ಕ. ವಾಮನಣ್ಣನ ಕೆಲಸದಲ್ಲಿ ಎಂತ ತಪ್ಪೂ ಇರ್ಲಿಲ್ಲ. ಅವರು ಬಂದು ಹೇಳಿದ್ರು, ನಾನು ಕೇಳ್ಲಿಲ್ಲ. ಅವರು ಹೋಗುವ ಮೊದಲೇ ನನಗೆ ಗೊತ್ತಾಯ್ತು. ಆಗಲೂ ಬಾಯಿ ಬಿಡ್ಲಿಲ್ಲ. ನಿಮಗೆ ಅಂತ ನೋಡಿದ ಬಿನ್ ಒಮ್ರಾನ್ ಮನೆಗೂ ನಾನೇ ಹೋದೆ.”

ಅವರು ನನ್ನನ್ನು ನೋಡಿದರು, ಗಂಡನನ್ನು ನೋಡಿದರು.

“ಕುಡಿದು ಮೆಷಿನ್ ಹಾಳು ಮಾಡಿದ್ದು ಅಂತ ಹೇಳಿದ್ರಲ್ಲ.”

“ಯಾರು ಹೇಳಿದ್ದು ಅಕ್ಕ?”

“ಊರಲ್ಲಿ ಎಲ್ರೂ. ಗಲ್ಫಿಂದ ಬಂದವರೇ ಬಂದು ಹೇಳಿದ್ದು.”

ವಾಮನಣ್ಣ ತಲೆ ಎತ್ತಲಿಲ್ಲ. ಗಿಯರನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಹಲ್ಲಿನ ಮೇಲೆ ಬೆರಳು ಇಡುತ್ತಿದ್ದರು. “ನಾನು ಇಲ್ಲ ಅಂತ ಹೇಳಿದ್ದೆ,” ಎಂದರು, ಯಾರಿಗೂ ಅಲ್ಲದ ಹಾಗೆ.

“ಇಲ್ಲ ಅಕ್ಕ. ಒಂದು ತೊಟ್ಟೂ ಇಲ್ಲ. ಎಂಟು ವರ್ಷ ನಾನು ಪಕ್ಕದಲ್ಲೇ ಇದ್ದವ,” ಎಂದೆ.

ಚಹಾ ಆರಿ ಕೆನೆ ಕಟ್ಟಿತು. ಎದ್ದು ಬರಬೇಕೆಂದು ನಾನು ಚೀಲ ಮಡಚಿದೆ.

“ಆ ಮನೆಯ ಅಡುಗೆಕೋಣೆಗೆ ಕಿಟಕಿ ಇತ್ತಾ?” ಎಂದರು ಸುಮತಿಯಕ್ಕ.

“ಇತ್ತು.”

“ಅದರಲ್ಲಿ ಎಂತ ಕಾಣ್ತಿತ್ತು?”

“ಒಂದು ಬೇವಿನ ಮರ,” ಎಂದೆ. “ಅದರ ಕೆಳಗೆ, ದಾರಿಯಲ್ಲಿ ಹೋಗುವವರಿಗೆ ಕುಡಿಯಲಿಕ್ಕೆ ಅಂತ ಇಟ್ಟ ನೀರಿನ ಕೂಲರ್. ಸಂಜೆ ಹೊತ್ತು ಪಾರಿವಾಳಗಳು ಅಲ್ಲಿ ಚೆಲ್ಲಿದ ನೀರು ಕುಡಿಲಿಕ್ಕೆ ಬರ್ತಿದ್ದವು.”

“ಹೌದು. ಇವರೂ ಹಾಗೆಯೇ ಬರೆದಿದ್ರು,” ಎಂದರು ಸುಮತಿಯಕ್ಕ, ಮತ್ತೆ ಬಾಗಿಲು ಬಿಟ್ಟು ಬಂದು, ಗಂಡನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು.